ಸರಳ ಬಡ್ಡಿ, ಚಕ್ರಬಡ್ಡಿ ಮತ್ತು ಒಂದು ರೆಸಿಸ್ಟರ್

ಮೊನ್ನೆ ಶನಿವಾರ ಪಕ್ಕದ ಬಿಲ್ಡಿಂಗಿನ ನಮ್ಮೂರ ಕಡೆಯ ಹುಡುಗ, ನಾನು ಕಟ್ಟಿದ ಗಿಟಾರ್ ಪೆಡಲ್ ಬಿಚ್ಚಿ ನೋಡಿ, "ಅಂಕಲ್, ಇದು ಜುಗಾಡ್. ಲಾಗ್ ಪಾಟ್ ಹಾಕ್ಬೇಕಿತ್ತು" ಅಂದುಬಿಟ್ಟ. ವಾಲ್ಯೂಮ್ ಪಾಟಿನ ಕಾಲುಗಳಿಗೆ ನಾನು ಬೆಸುಗೆ ಹಾಕಿದ್ದ 15ಕೆ ರೆಸಿಸ್ಟರ್ ಅವನ ಕಣ್ಣಿಗೆ ಬಿದ್ದಿತ್ತು. ಅವನದೇ ಪೆಡಲ್ ಲಾಗ್ ಪಾಟ್ ಸಿಗಲಿಲ್ಲ ಅಂತ ಆರು ತಿಂಗಳಿಂದ ಡಬ್ಬಿಯಲ್ಲಿ ಬಿದ್ದಿದೆ! ಅದಕ್ಕೇ ಈ ಜಗಳ ಮಾರಾಯ್ರೇ.

ನಾನು ಬಿ.ಕಾಂ. ಓದಿದ ಬ್ಯಾಂಕಿನವ. ನನಗಿದು ಅರ್ಥವಾದದ್ದು ಬಡ್ಡಿ ಲೆಕ್ಕದಿಂದ. ಲೀನಿಯರ್ ಪಾಟ್ (ಮೇಲೆ 'ಬಿ' ಅಂತ ಇರುತ್ತೆ) ಸರಳ ಬಡ್ಡಿಯ ಹಾಗೆ, ಒಂದೇ ಸಮನೆ ಏರುತ್ತೆ. ನಮ್ಮ ಕಿವಿಯದು ಚಕ್ರಬಡ್ಡಿ. ಎಷ್ಟು ಪಟ್ಟು ಏರಿತು ಅನ್ನುವುದೇ ಅದಕ್ಕೆ ಮುಖ್ಯ. ಹಾಗಾಗಿ ಬಿ ಪಾಟಿನಲ್ಲಿ ಆರಂಭದಲ್ಲೇ ಅಬ್ಬರ, ನಡುವಿನಿಂದ ಕೊನೆಯವರೆಗೆ ಬರೀ 6 ಡೆಸಿಬಲ್. ನನ್ನ ಮೊದಲ ಪೆಡಲ್ ಹೀಗೇ ಆಗಿ, ರಾತ್ರಿ ಹತ್ತಕ್ಕೆ ಕೆಳಗಿನ ಮನೆಯವರು ಬಾಗಿಲು ತಟ್ಟಿದ್ದರು.

'ಎ100ಕೆ' ಲಾಗ್ ಪಾಟಿಗಾಗಿ ಲ್ಯಾಮಿಂಗ್ಟನ್ ರೋಡಿಗೆ ಮೂರು ಸಲ ಅಲೆದೆ. ಮೂರು ಸಲವೂ ಸಿಕ್ಕಿದ್ದು ಬಿ. ಕೊನೆಗೆ ಅದಕ್ಕೇ ನಡುವಿನ ಕಾಲಿನಿಂದ ಗ್ರೌಂಡ್ ಕಾಲಿಗೆ 15ಕೆ ಹಾಕಿದೆ. ಲೆಕ್ಕ ನೋಡಿ: ನಾಬ್ ನಟ್ಟನಡುವೆ ಇದ್ದಾಗ ಮೇಲೆ 50ಕೆ, ಕೆಳಗೆ 50ಕೆ. ಕೆಳಗಿನದು 15ಕೆ ಜೊತೆ ಪ್ಯಾರಲಲ್ ಆಗಿ 11.5ಕೆ ಆಗುತ್ತೆ. ಹೊರಗೆ ಬರುವ ಸಿಗ್ನಲ್ ಶೇ. 50ರ ಬದಲು ಸುಮಾರು 19. 10ಕೆ ಹಾಕಿದರೆ 14. ಲಾಗ್ ಪಾಟ್ ಕೊಡುವುದೂ ಹೆಚ್ಚುಕಮ್ಮಿ ಇಷ್ಟೇ.

ಇನ್ನು 'ಅಸಲಿ' ಲಾಗ್ ಪಾಟಿನ ವಿಷಯ. ಅಗ್ಗದ ಲಾಗ್ ಪಾಟುಗಳ ಒಳಗೆ ಇರುವುದು ಬೇರೆ ಬೇರೆ ರೆಸಿಸ್ಟೆನ್ಸಿನ ಎರಡು ಕಾರ್ಬನ್ ಪಟ್ಟಿ. ಅಂದರೆ ಎರಡು ನೇರ ಗೆರೆ ಜೋಡಿಸಿ ವಕ್ರರೇಖೆ ಅಂತ ಕರೆದದ್ದು. ಈಗ ಹೇಳಿ, ಜುಗಾಡ್ ಯಾರದು?

ಹಾಗಂತ ಕಂಡಕಂಡಲ್ಲಿ 15ಕೆ ಅಂಟಿಸುವವರನ್ನೂ ನಾನು ಒಪ್ಪುವುದಿಲ್ಲ. ಈ ಸಾಲಕ್ಕೂ ಬಡ್ಡಿ ಇದೆ. ನಾಬ್ ಪೂರ್ತಿ ತಿರುಗಿಸಿದಾಗ ಹಿಂದಿನ ಹಂತಕ್ಕೆ ಕಾಣುವುದು 100ಕೆ ಅಲ್ಲ, 13ಕೆ. ಹಿಂದೆ ಆಪ್-ಆಂಪ್ ಇದ್ದರೆ ತೊಂದರೆಯಿಲ್ಲ. 10ಕೆ ಕಲೆಕ್ಟರ್ ರೆಸಿಸ್ಟರಿನ ಟ್ರಾನ್ಸಿಸ್ಟರ್ ಇದ್ದರೆ, ನೂರಕ್ಕೆ 91 ಸಿಗುತ್ತಿದ್ದದ್ದು 57ಕ್ಕೆ ಇಳಿಯುತ್ತೆ. ಗಿಟಾರಿನೊಳಗಿನ ವಾಲ್ಯೂಮ್ ಪಾಟಿಗೆ ಈ ಉಪಾಯ ಬೇಡವೇ ಬೇಡ, ಪಿಕಪ್ಪಿನ ದನಿಯೇ ಮಂಕಾಗುತ್ತೆ.

ಲೆಕ್ಕ ಹಾಕದೆ ಅಂಟಿಸುವುದು ಜುಗಾಡ್. ಲೆಕ್ಕ ಹಾಕಿ, ನಷ್ಟ ಎಷ್ಟು ಅಂತ ತಿಳಿದು ಹಾಕಿದರೆ ಅದು ವಿದ್ಯೆ. ಹುಡುಗನಿಗೆ ಒಂದು 15ಕೆ ಕೊಟ್ಟು, "ಹಿಂದೆ ಏನಿದೆ ನೋಡಿ ಹಾಕು" ಅಂತ ಕಳಿಸಿದ್ದೇನೆ. ಡಬ್ಬಿ ತೆರೆದನೋ ಇಲ್ಲವೋ, ಬರುವ ಶನಿವಾರ ಗೊತ್ತಾಗುತ್ತೆ.

ನೀವೇನಂತೀರಿ?