ವಿಸ್ಮಯದ ಇಂಗ್ಲೀಷು

ಬೂದಿಗೆರೆಯಂಥ ಊರುಗಳ ಮಕ್ಕಳಿಗೆ ಇಂಗ್ಲೀಷು ಬೇಕೇ ಬೇಡವೇ ಎಂಬ ಚರ್ಚೆಯ ಕಾಲವು ಕಳೆದುಹೋಯಿತು. ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಲ್ಲಿಯೇ ಅದರ ಬೋಧನೆಯು ಆರಂಭವಾಯಿತು. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆಯಲಾಗಿ, ಆ ಭಾಷೆಯು ನಮ್ಮ ಹೊಲದ ಬದುವಿನವರೆಗೂ ಬಂದು ನಿಂತಿತು. ಈಗ ವಿಚಾರಿಸಬೇಕಾದುದು ಅದನ್ನು ಕಲಿಸುವ ಬಗೆಯನ್ನು. ಬೆರಗನ್ನೂ ಮೆಚ್ಚುಗೆಯನ್ನೂ ಸೂಚಿಸುವ ವಿಶೇಷಣಗಳನ್ನೇ ತೆಗೆದುಕೊಳ್ಳೋಣ.

ವಂಡರ್‌ಫುಲ್, ಮಾರ್ವೆಲಸ್, ಅಮೇಜಿಂಗ್, ಟೆರಿಫಿಕ್ ಎಂದು ಪಟ್ಟಿ ಕೊಟ್ಟು, ಎಲ್ಲದರ ಎದುರಿಗೂ 'ಅದ್ಭುತ' ಎಂದು ಬರೆಯಿಸಿ ಬಾಯಿಪಾಠ ಮಾಡಿಸುವ ಪದ್ಧತಿಯು ನಮಗೆ ಸರ್ವಥಾ ಸಮ್ಮತವಲ್ಲ. ಇದರ ಫಲವೇನು? ತಾನು ಬೆರಗಾದೆನೆಂದು ಹೇಳಹೊರಟ ಹುಡುಗನು 'ಐ ಆಮ್ ಅಮೇಜಿಂಗ್' ಎಂದು ತನ್ನನ್ನೇ ಕೊಂಡಾಡಿಕೊಂಡು, ಕೆಲಸ ಕೊಡುವವರ ಮುಂದೆ ನಗೆಗೀಡಾಗುತ್ತಾನೆ. ತಪ್ಪು ಅವನದಲ್ಲ. 'ಬೆರಗುಗೊಳಿಸುವುದು' ಬೇರೆ, 'ಬೆರಗಾದವನು' ಬೇರೆ ಎಂಬುದನ್ನು ಕನ್ನಡದ ಯಾವ ಮಗುವೂ ಬಲ್ಲದು. ಅಮೇಜಿಂಗ್ ಮೊದಲನೆಯದು, ಅಮೇಜ್ಡ್ ಎರಡನೆಯದು ಎಂದು ಒಂದೇ ಮಾತು ಹೇಳಿದ್ದರೆ ಸಾಕಾಗಿತ್ತು. ಇಂಗ್ಲೀಷು ತರಗತಿಯಲ್ಲಿ ಕನ್ನಡವಾಡುವುದನ್ನೇ ಅಪರಾಧವೆಂದೆಣಿಸುವ ಕಡೆ ಆ ಮಾತನ್ನು ಹೇಳುವವರಾರು? ಮಾರ್ವೆಲಸ್ ಎಂಬುದಕ್ಕೆ 'ವೆರಿ' ಸೇರಿಸುವುದೂ ಇಂಥದೇ. ಮಾಳಿಗೆ ಹತ್ತಿ ನಿಂತ ಪದಕ್ಕೆ ಮತ್ತೆ ಏಣಿ ಹಾಕಿದಂತೆ.

ಈ ಪದಗಳ ಚರಿತ್ರೆಯಾದರೋ ಬಹು ಸ್ವಾರಸ್ಯವಾದುದು. ಟೆರಿಫಿಕ್ ಎಂದರೆ ಮೊದಲು ಭಯವನ್ನು ಹುಟ್ಟಿಸುವುದು. ಇಂದು ಅದು ಹೊಗಳಿಕೆ. ಆಫುಲ್ ಹಿಂದೆ ಭಯಭಕ್ತಿಗಳನ್ನುಂಟುಮಾಡುವುದಾಗಿತ್ತು; ಇಂದು ತೆಗಳಿಕೆ. ಅದೇ ಬೇರಿನ ಆಸಮ್ ಮಾತ್ರ ಮೆಚ್ಚುಗೆಯ ಪಕ್ಷದಲ್ಲಿ ಉಳಿಯಿತು. ಹಾಡೊಂದನ್ನು ಕೇಳಿ 'ಭಯಂಕರ ಚೆನ್ನಾಗಿದೆ' ಎನ್ನುವ ನಮ್ಮವರಿಗೆ ಇದು ತಿಳಿಯದ ಸಂಗತಿಯೇನಲ್ಲ!

ನಮ್ಮ ಕಳವಳವು ಇದಕ್ಕಿಂತ ದೊಡ್ಡದು. ಊಟವೂ ಸೂಪರ್, ತೇರೂ ಸೂಪರ್, ಮಳೆಯೂ ಸೂಪರ್ ಆಗಿರುವಲ್ಲಿ ಸೊಗಸು, ಬೆಡಗು, ಅಚ್ಚರಿ, ಸೋಜಿಗ ಎಂಬವು ಮೂಲೆಗೆ ಸೇರುತ್ತಿವೆ. ಅದ್ಭುತವನ್ನು ಒಂದು ರಸವೆಂದೂ ವಿಸ್ಮಯವನ್ನು ಅದರ ಸ್ಥಾಯಿಭಾವವೆಂದೂ ವಿಂಗಡಿಸಿದ ಭರತನ ನಾಡಿನಲ್ಲಿ ಈ ದಾರಿದ್ರ್ಯವು ತರವಲ್ಲ. ತನ್ನ ಮಾತಿನಲ್ಲಿ ಬೆರಗಿಗೂ ಮೆಚ್ಚಿಕೆಗೂ ಭೇದವರಿಯದ ಮಗುವಿಗೆ ಪರಭಾಷೆಯಲ್ಲಿ ಅದನ್ನು ತೋರಿಸುವುದು ಹೇಗೆ?

ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲೀಷ್-ಕನ್ನಡ ನಿಘಂಟು 1946ರಷ್ಟು ಹಿಂದೆಯೇ ಹೊರಬಂದಿತು. ಅದರ ಪರಿಷ್ಕೃತ ಮುದ್ರಣದ ಒಂದೊಂದು ಪ್ರತಿಯು ದೇವನಹಳ್ಳಿ ತಾಲ್ಲೂಕಿನ ಪ್ರತಿ ಶಾಲೆಯಲ್ಲಿಯೂ, ಬೀಗ ಹಾಕಿದ ಬೀರುವಿನಲ್ಲಲ್ಲ, ಮಕ್ಕಳ ಕೈಗೆಟುಕುವ ಮೇಜಿನ ಮೇಲೆ ಇರುವಂತೆ ಏರ್ಪಡಿಸಬೇಕೆಂದು ವಿದ್ಯಾ ಇಲಾಖೆಯ ಅಧಿಕಾರಿಗಳಲ್ಲಿ ವಿಜ್ಞಾಪಿಸುತ್ತೇವೆ.