ಹೊಸ್ತಿಲಿನ ಆಚೆಯವರು



ರಾಮದುರ್ಗ ತಾಲೂಕಿನ ಸುರೇಬಾನದ ಹತ್ತಿರ ಗುಡ್ಡಗಳ ನಡುವೆ ಶಬರಿಕೊಳ್ಳವೆಂಬ ಕ್ಷೇತ್ರವುಂಟು. ಶ್ರೀರಾಮನ ದಾರಿಯನ್ನು ಕಾಯುತ್ತ ಶಬರಿಯು ಇಲ್ಲಿಯೇ ಮುಪ್ಪಾದಳೆಂದು ಈ ಸೀಮೆಯ ಜನರು ನಂಬಿರುವರು. ಆ ಮುದುಕಿಯು ಬಾರಿಹಣ್ಣನ್ನು ಕಚ್ಚಿ ನೋಡಿ, ಸವಿಯಾದದ್ದನ್ನೇ ಆರಿಸಿ ಕೊಟ್ಟಳೆಂಬ ಮಾತು ವಾಲ್ಮೀಕಿ ರಾಮಾಯಣದಲ್ಲಿಲ್ಲ. ಅಲ್ಲಿ ಅವಳು ಪಂಪೆಯ ತಡಿಯ ಕಾಡಿನ ಫಲಗಳನ್ನು ಕೂಡಿಸಿಟ್ಟು ಅರ್ಪಿಸುವಳಷ್ಟೆ. ಎಂಜಲ ಹಣ್ಣಿನ ಕಥೆಯನ್ನು ಕೂಡಿಸಿದವರು ತರುವಾಯದ ಭಕ್ತಜನರು. ತಮ್ಮ ಕೈಯ ನೀರನ್ನು ಕೂಡ ನೆರೆಯವರು ಮುಟ್ಟದಿದ್ದಾಗ, ದೇವರು ಎಂಜಲನ್ನೂ ಒಲ್ಲೆನೆನ್ನಲಿಲ್ಲವೆಂಬ ಮಾತು ಎಷ್ಟು ಜನರಿಗೆ ಸಮಾಧಾನವನ್ನು ಕೊಟ್ಟಿರಬೇಕು!

ನೆರೆಯ ಸವದತ್ತಿಯ ಗುಡ್ಡದ ಎಲ್ಲಮ್ಮನ ಕಥೆಯೂ ಇಂಥದೇ. ರೇಣುಕೆಯು ಪತಿಯ ಶಾಪಕ್ಕೆ ಗುರಿಯಾಗಿ, ರೋಗಿಷ್ಠಳಾಗಿ ಮನೆಯಿಂದ ಹೊರಬಿದ್ದು ಅಲೆದಳೆಂದೂ, ಎಕ್ಕಯ್ಯ ಜೋಗಯ್ಯರೆಂಬ ಜೋಗಿಗಳು ಅವಳನ್ನು ಉಪಚರಿಸಿದರೆಂದೂ ಜನರು ಹೇಳುವರು. ಹೊರಹಾಕಲ್ಪಟ್ಟ ಹೆಂಗಸನ್ನು ತಾಯಿಯೆಂದು ಕರೆದು, ಉಧೋ ಎಂದು ಗುಡ್ಡವೇರುವ ನಾಡು ನಮ್ಮದು. ಆದರೆ ಅದೇ ತಾಯಿಯ ಹೆಸರಿನಿಂದ ಎಷ್ಟು ಹೆಣ್ಣುಮಕ್ಕಳನ್ನು ನಾವು ಹೊರಗಿಟ್ಟಿದ್ದೇವೆ!

ಹುಡುಗಿಯ ಕೊರಳಿಗೆ ಕೆಂಪು ಬಿಳಿ ಮಣಿಗಳ ಮುತ್ತು ಕಟ್ಟಿದರೆಂದರೆ ತೀರಿತು. ಮುಂದೆ ಅವಳಿಗೆ ಮದುವೆಯಿಲ್ಲ. ಇದಕ್ಕೆ ಕಾರಣವು ಭಕ್ತಿಯೊಂದೇ ಅಲ್ಲ. ಗಂಡುಮಗನಿಲ್ಲದ ಮನೆಯಲ್ಲಿ ಮುತ್ತು ಕಟ್ಟಿಸಿಕೊಂಡವಳು ಮಗನ ಸ್ಥಾನದಲ್ಲಿ ನಿಂತು ತಂದೆತಾಯಿಗಳನ್ನು ಸಾಕಬೇಕು. ತಲೆಯಲ್ಲಿ ಜಡೆಗಟ್ಟಿದರೆ ಅದು ಅಮ್ಮನ ಕರೆಯೆಂದು ಹೆದರುವರು. ಎಣ್ಣೆ ಬಾಚಣಿಗೆಗಳಿಲ್ಲದ ಕೂದಲು ಜಡೆಗಟ್ಟುವದು ಸಹಜವೆಂದು ಹೇಳುವವರಿಲ್ಲ. ಬೇನೆ ಬಂದರೆ ಹರಕೆ, ಬರ ಬಿದ್ದರೆ ಹರಕೆ. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುತರ ಜನರು ಅಸ್ಪೃಶ್ಯರೆನ್ನಿಸಿಕೊಂಡ ಜಾತಿಗಳ ಬಡವರ ಮಕ್ಕಳು. ಅವರನ್ನು ಭೋಗಿಸಿದವರು ಉಳ್ಳವರು. ಹಗಲು ಮುಟ್ಟಬಾರದವಳು ಇರುಳು ಬೇಕಾದವಳಾದದ್ದು ಯಾವ ಶಾಸ್ತ್ರವೋ!

ಪರಿಣಾಮವು ಒಬ್ಬಳಿಗೇ ಮುಗಿಯುವದಿಲ್ಲ. ಅವಳ ಕೂಸು ಶಾಲೆಗೆ ಹೋದರೆ ತಂದೆಯ ಹೆಸರೇನೆಂದು ಕೇಳುವರು; ಆ ಕೂಸು ತಲೆ ತಗ್ಗಿಸುವದು. ಮಗಳಿಗೆ ವರ ಸಿಕ್ಕುವದಿಲ್ಲ. ಸಿಕ್ಕದಿದ್ದರೆ ಅವಳ ಕೊರಳಿಗೂ ಮುತ್ತೇ ಗತಿಯೆಂದು ನೆರೆಯವರು ನಿರ್ಣಯಿಸುವರು. ಹೊರಗಿಡುವದರಿಂದಲೇ ಹೊರಗಿನವರು ಹುಟ್ಟುವರೆಂಬುದಕ್ಕೆ ಬೇರೆ ಸಾಕ್ಷಿಯೇಕೆ? ವಯಸ್ಸು ಇಳಿದ ಮೇಲೆ ಪಡ್ಡಲಗಿಯನ್ನು ಹೊತ್ತು ಮಂಗಳವಾರ ಶುಕ್ರವಾರಗಳಲ್ಲಿ ಮನೆ ಮನೆ ತಿರುಗುವದೊಂದೇ ಅವಳಿಗುಳಿದ ದಾರಿ. ನಾವು ಜೋಳವನ್ನು ನೀಡುತ್ತೇವೆ, ಭಂಡಾರವನ್ನು ಹಣೆಗೆ ಹಚ್ಚಿಕೊಳ್ಳುತ್ತೇವೆ. ಅವಳನ್ನು ಮಾತ್ರ ಹೊಸ್ತಿಲಿನ ಆಚೆಗೇ ನಿಲ್ಲಿಸುತ್ತೇವೆ.

ಪರಿಹಾರದ ಯತ್ನಗಳು ಇಂದು ನಿನ್ನಿನವಲ್ಲ. ಮುಂಬಯಿ ಪ್ರಾಂತದಲ್ಲಿ 1934 ರಲ್ಲಿಯೇ ದೇವದಾಸಿಯರ ರಕ್ಷಣೆಯ ಕಾಯ್ದೆಯಾಗಿ, ಮುತ್ತು ಕಟ್ಟುವದು ಅಪರಾಧವೆಂದೂ, ಅಂಥವಳ ವಿವಾಹವು ಸಿಂಧುವೆಂದೂ ಸಾರಲಾಯಿತು. ರಾಮದುರ್ಗವು ಆಗ ಬೇರೆ ಸಂಸ್ಥಾನವಾಗಿತ್ತು. 1948 ರಲ್ಲಿ ಅದು ಮುಂಬಯಿಯೊಡನೆ ಕೂಡಿತು. ಕರ್ನಾಟಕದ 1982 ರ ಕಾಯ್ದೆಯು ಇನ್ನೂ ಬಿಗಿಯಾಗಿತ್ತು: ಮುತ್ತು ಕಟ್ಟಿಸಿದವರಿಗೆ ಮೂರು ವರುಷಗಳ ವರೆಗೆ ಸೆರೆವಾಸ, ಅವರು ಹೆತ್ತವರು ಅಥವಾ ಬಂಧುಗಳಾಗಿದ್ದರೆ ಎರಡರಿಂದ ಐದು ವರುಷ. ಆದರೂ 1993-94 ರ ಸಮೀಕ್ಷೆಯಲ್ಲಿ 22,873 ಜನ ದೇವದಾಸಿಯರ ಲೆಕ್ಕ ಸಿಕ್ಕಿತು; 2007-08 ರ ಸಮೀಕ್ಷೆಯೂ ಸೇರಿ ಆ ಸಂಖ್ಯೆ 46,660 ಆಯಿತು. ಕಾಯ್ದೆಯು ಗುಡ್ಡದ ಮೇಲಿನ ವಿಧಿಯನ್ನು ತಡೆಯಬಲ್ಲದು. ಮನೆಯ ಮೂಲೆಯಲ್ಲಿ ಗುಟ್ಟಾಗಿ ಕಟ್ಟಿದ ಮುತ್ತನ್ನು ಅದು ಕಾಣುವದು ಕಷ್ಟ.

ಕಂಡವರು ಯಾರೆಂದರೆ, ಆ ಬಾಳನ್ನು ಬಾಳಿದವರೇ. ಘಟಪ್ರಭೆಯಲ್ಲಿ 1997 ರಲ್ಲಿ ಹುಟ್ಟಿದ ‘ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣ ಸಂಸ್ಥೆ’ಯನ್ನು ಮಾಜಿ ದೇವದಾಸಿಯರೇ ನಡೆಸುತ್ತ ಬಂದಿರುವರು. ಏಳನೆಯ ವಯಸ್ಸಿನಲ್ಲಿ ಮುತ್ತು ಕಟ್ಟಿಸಿಕೊಂಡ ಸೀತವ್ವ ಜೋಡಟ್ಟಿಯವರು ಅದರ ಹಿರಿಯಾಳಾಗಿ ದುಡಿದು, 2018 ರಲ್ಲಿ ಪದ್ಮಶ್ರೀ ಪುರಸ್ಕಾರವನ್ನು ಪಡೆದರು. ಉಳಿತಾಯದ ಸಂಘ, ಸಾಲ, ಕಸುಬು, ಮಕ್ಕಳ ಓದು, ಗುಟ್ಟಿನ ಸುದ್ದಿ ತಿಳಿದೊಡನೆ ಆ ಮನೆಗೆ ಹೋಗಿ ಹೆತ್ತವರಿಗೆ ಬುದ್ಧಿ ಹೇಳುವದು, ಇವೇ ಇಂಥ ಸಂಘಟನೆಯ ಸಾಧನಗಳು.

ಇನ್ನು ನಮ್ಮ ಪಾಲಿನ ಮಾತು. ಕಾಯ್ದೆಯನ್ನು ನಾವು ಮಾಡಲಾರೆವು. ಸಂಸ್ಥೆಯನ್ನು ಕಟ್ಟುವದೂ ಎಲ್ಲರಿಂದ ಆಗದು. ಆದರೆ ಮನೆಯ ಬೀಗದ ಕೈ ನಮ್ಮ ಸೊಂಟದಲ್ಲಿದೆಯಷ್ಟೆ? ನಮ್ಮ ಮಕ್ಕಳ ಜೊತೆಗೆ ಓದುವ ಕೂಸಿಗೆ, ನಿನ್ನಪ್ಪನಾರೆಂದು ಕೇಳದಿರುವದು ನಮ್ಮ ಕೈಯಲ್ಲಿದೆ. ಅಂಥ ತಾಯಿಯ ಮಗಳು ಬಾಡಿಗೆಗೆ ಮನೆ ಕೇಳಿ ಬಂದರೆ ಇಲ್ಲವೆನ್ನದಿರುವದು ನಮ್ಮ ಕೈಯಲ್ಲಿದೆ. ಜಡೆಗಟ್ಟಿದ ಕೂದಲನ್ನು ಕಂಡಾಗ ಅಂಜಿಸದೆ, ಎಣ್ಣೆ ಸೀಗೆಕಾಯಿ ಕೊಟ್ಟು ಧೈರ್ಯ ಹೇಳುವದೂ ನಮ್ಮ ಕೈಯಲ್ಲಿದೆ. ಮುಂದಿನ ಅರಿಷಿಣ ಕುಂಕುಮದ ದಿನ ಓಣಿಯವರನ್ನೆಲ್ಲ ಕರೆಯುವಾಗ, ಯಾರ ಮನೆಯ ಬಾಗಿಲನ್ನು ದಾಟಿ ಮುಂದೆ ಹೋದೆವೆಂದು ಒಮ್ಮೆ ಹಿಂದಿರುಗಿ ನೋಡೋಣ.

ಅತ್ತೆಯವರು ಏನೆಂದಾರು, ನೆರೆಯವರು ಏನೆಂದಾರು ಎಂಬ ಅಂಜಿಕೆಯು ಸುಳ್ಳಲ್ಲ. ಆ ಅಂಜಿಕೆಯು ಒಬ್ಬಳಿಗೆ ಬಹಳ, ನಾಲ್ವರು ಕೂಡಿದರೆ ಸ್ವಲ್ಪ. ಆದುದರಿಂದ ಮೊದಲು ಗೆಳತಿಯೊಬ್ಬಳನ್ನು ಕೂಡಿಸಿಕೊಳ್ಳಿರಿ. ಆಮೇಲೆ ಇಬ್ಬರೂ ಕೂಡಿ ಆ ಮನೆಗೆ ಹೋಗಿ, ಅವಳನ್ನು ಹೆಸರು ಹಿಡಿದು ಕರೆಯಿರಿ. ಬಂದವಳನ್ನು ಒಳಗೆ ಕೂಡ್ರಿಸಿ, ಎಲ್ಲರಿಗೂ ಕೊಟ್ಟ ತಟ್ಟೆಯಲ್ಲಿಯೇ ಅವಳಿಗೂ ಫಲಾಹಾರವನ್ನು ಕೊಡಿರಿ. ಅವಳು ತಂದದ್ದೇನಾದರೂ ಇದ್ದರೆ, ಒಂದು ಹಣ್ಣೇ ಇರಲಿ, ಅವಳೆದುರಿನಲ್ಲಿಯೇ ತಿನ್ನಿರಿ.