ಪೆಡಲ್ ತುಳಿದರಷ್ಟೇ ಸಾಲದು, ಭಾರವನ್ನೂ ಎತ್ತಬೇಕು

ಬೊಜ್ಜು ಎಂಬುದು ವೈದ್ಯರ ಕೊಠಡಿಯಿಂದ ಹೊರಬಿದ್ದು ಸರ್ಕಾರದ ಕಡತಗಳನ್ನು ಸೇರಿ ಕೆಲಕಾಲವಾಯಿತು. ದೇಶ ತನ್ನ ಯುವ ಜನಸಂಖ್ಯೆಯ ಲಾಭವನ್ನು ಪಡೆಯಬೇಕಾದರೆ ಜನರ ಆಹಾರ ಹಾಗೂ ಆರೋಗ್ಯ ಸುಧಾರಿಸಲೇಬೇಕೆಂದು 2023-24ರ ಆರ್ಥಿಕ ಸಮೀಕ್ಷೆ ಎಚ್ಚರಿಸಿತು. 2024ರ ಡಿಸೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ‘ಫಿಟ್ ಇಂಡಿಯಾ’ ಹೆಸರಿನಲ್ಲಿ ಸೈಕಲ್ ಸವಾರಿಯ ಅಭಿಯಾನವೊಂದನ್ನು ಆರಂಭಿಸಿತು. ಅದು ಭಾನುವಾರದ ಸೈಕಲ್ ಜಾಥಾಗಳ ರೂಪದಲ್ಲಿ ಹಲವು ಊರುಗಳಿಗೆ ಹಬ್ಬಿತು. 2025ರ ಫೆಬ್ರುವರಿಯಲ್ಲಿ ಪ್ರಧಾನಿಯವರು ತಮ್ಮ ತಿಂಗಳ ಬಾನುಲಿ ಭಾಷಣದಲ್ಲಿ ಅಡುಗೆ ಎಣ್ಣೆಯ ಬಳಕೆಯನ್ನು ಶೇ 10ರಷ್ಟು ತಗ್ಗಿಸುವಂತೆ ಕರೆಯಿತ್ತರು. ಸರ್ಕಾರದೊಳಗೇ ವೃತ್ತಿಜೀವನವನ್ನು ಕಳೆದ ನನಗೆ ಅಭಿಯಾನಗಳ ಬಗ್ಗೆ ತಾತ್ಸಾರವಿಲ್ಲ. ಆದರೆ ಅಭಿಯಾನಕ್ಕೆ ಒಂದೇ ಸಾಲಿನ ಸಂದೇಶ ಬೇಕು. ಮನುಷ್ಯನ ದೇಹ ಒಂದೇ ಸಾಲಿಗೆ ದಕ್ಕುವುದಿಲ್ಲ. ಸೈಕಲ್ ತುಳಿಯಿರಿ, ತೂಕ ಇಳಿಸಿ ಎಂಬ ಘೋಷಣೆಯಲ್ಲಿ ಅರ್ಧ ಸತ್ಯವಷ್ಟೇ ಇದೆ. ಉಳಿದರ್ಧವನ್ನು ಹೇಳುವವರು ಕಡಿಮೆ.

ನಿವೃತ್ತಿಯ ನಂತರ ನಾನು ಹೆಚ್ಚು ಕಾಲ ಕಳೆಯುವುದು ಶಿಡ್ಲಘಟ್ಟ ತಾಲ್ಲೂಕಿನ ಸಾದಲಿಯಲ್ಲಿ. ಇಲ್ಲಿನ ರಸ್ತೆಗಳಲ್ಲಿ ಎರಡು ಬಗೆಯ ಸೈಕಲ್‌ಗಳು ಕಣ್ಣಿಗೆ ಬೀಳುತ್ತವೆ. ಮೊದಲನೆಯದು ಬೆಂಗಳೂರಿನದು. ನಂದಿಬೆಟ್ಟದ ಏರು ಮಹಾನಗರದ ಹವ್ಯಾಸಿ ಸವಾರರಿಗೆ ಬಹುಕಾಲದಿಂದ ಪರೀಕ್ಷಾಕಣ. ಅದನ್ನು ಹತ್ತಿ ಹತ್ತಿ ಬೇಸರವಾದವರು ಚಿಕ್ಕಬಳ್ಳಾಪುರ ದಾಟಿ ಶಿಡ್ಲಘಟ್ಟದ ಕಡೆಗೂ, ಆಗೊಮ್ಮೆ ಈಗೊಮ್ಮೆ ನಮ್ಮ ಹೋಬಳಿಗೂ ಬರುತ್ತಾರೆ. ಎರಡನೆಯದು ಊರಿನದು: ಹಾಲಿನ ಕ್ಯಾನು, ಹಿಪ್ಪುನೇರಳೆ ಸೊಪ್ಪಿನ ಹೊರೆ, ಗೂಡಿನ ಚೀಲ ಹೊತ್ತ ಹಳೆಯ ಕಬ್ಬಿಣದ ಸೈಕಲ್. ಈ ಎರಡನೆಯದು ಅಳಿವಿನಂಚಿನಲ್ಲಿದೆ. ಅದರ ಕೆಲಸವನ್ನೆಲ್ಲ ಮೊಪೆಡ್ ವಹಿಸಿಕೊಂಡಿದೆ. (ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಉತ್ಪಾದನೆ ನಿಲ್ಲಿಸಿದ್ದು 2020ರ ಜೂನ್ 3ರಂದು, ಅಂದರೆ ವಿಶ್ವ ಸೈಕಲ್ ದಿನದಂದೇ. ಇಂಥ ಕಾಕತಾಳೀಯವನ್ನು ಕಾದಂಬರಿಕಾರನೂ ಬರೆಯಲು ಹಿಂಜರಿದಾನು.) ಒಟ್ಟಿನಲ್ಲಿ, ದುಡಿಮೆಗಾಗಿ ತುಳಿಯುತ್ತಿದ್ದವನು ತುಳಿಯುವುದನ್ನು ಬಿಟ್ಟಿದ್ದಾನೆ, ಕುಳಿತು ಸಂಪಾದಿಸುವವನು ಆರೋಗ್ಯಕ್ಕಾಗಿ ತುಳಿಯಲು ಹಿಡಿದಿದ್ದಾನೆ. ಇಬ್ಬರ ರಕ್ತಪರೀಕ್ಷೆಯ ವರದಿಗಳೂ ಈಗ ಒಂದನ್ನೊಂದು ಹೋಲತೊಡಗಿವೆ.

ಇದು ಉತ್ಪ್ರೇಕ್ಷೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇ 11.4 ಮಂದಿಗೆ ಮಧುಮೇಹ, ಶೇ 35.5 ಮಂದಿಗೆ ರಕ್ತದೊತ್ತಡ, ಶೇ 39.5 ಮಂದಿಗೆ ಹೊಟ್ಟೆಯ ಬೊಜ್ಜು. ವಯಸ್ಕ ಭಾರತೀಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಸಾಕಷ್ಟು ದೈಹಿಕ ಚಟುವಟಿಕೆ ಇಲ್ಲದೆ ಬದುಕುತ್ತಿದ್ದಾರೆಂದು 2024ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಂದಾಜು ಹೇಳಿತು. ಗಂಡಸರಿಗಿಂತ ಹೆಂಗಸರಲ್ಲಿ ಈ ಪ್ರಮಾಣ ಹೆಚ್ಚು. ಹಳ್ಳಿಯ ದೇಹ ತಾನಾಗಿಯೇ ಗಟ್ಟಿ ಎಂಬ ಪಟ್ಟಣದವರ ನಂಬಿಕೆಯನ್ನು ಇನ್ನು ಕೈಬಿಡಬೇಕು.

ಈಗ ಸೈಕಲ್‌ನ ಲೆಕ್ಕಕ್ಕೆ ಬರೋಣ. 70 ಕಿಲೋ ತೂಕದವನೊಬ್ಬ ಸಾಧಾರಣ ವೇಗದಲ್ಲಿ ಒಂದು ಗಂಟೆ ತುಳಿದರೆ ಸುಮಾರು 450ರಿಂದ 500 ಕಿಲೋ ಕ್ಯಾಲರಿ ವ್ಯಯವಾಗುತ್ತದೆ. ನಂದಿಯಿಂದ ಇಳಿದು ಬಂದು ಹೆದ್ದಾರಿಯ ಹೋಟೆಲಿನಲ್ಲಿ ಒಂದು ಮಸಾಲೆ ದೋಸೆ, ಒಂದು ವಡೆ, ಮೇಲೊಂದು ಸಕ್ಕರೆ ಹಾಕಿದ ಕಾಫಿ ಮುಗಿಸುವಷ್ಟರಲ್ಲಿ ಆ ಒಂದು ಗಂಟೆಯ ಗಳಿಕೆ ಜಮಾಖರ್ಚಿನಲ್ಲಿ ಸರಿಹೋಗಿರುತ್ತದೆ. ದೋಸೆಯನ್ನು ದೂರುವುದು ನನ್ನ ಉದ್ದೇಶವಲ್ಲ. ಬೆವರಿಗೆ ನಾವು ಕಟ್ಟುವ ಬೆಲೆ ಬಹಳ ದುಬಾರಿ ಎಂದಷ್ಟೇ ಹೇಳುತ್ತಿದ್ದೇನೆ. ಹೃದಯ, ಶ್ವಾಸಕೋಶ, ರಕ್ತದ ಸಕ್ಕರೆ ಇವುಗಳಿಗೆ ಸೈಕಲ್ ಸವಾರಿಯಿಂದಾಗುವ ಉಪಕಾರ ನಿರ್ವಿವಾದ. ಮಂಡಿಯ ಮೇಲೆ ಓಟದಷ್ಟು ಆಘಾತವೂ ಇಲ್ಲ. ಆದರೆ ಆಘಾತವಿಲ್ಲದ ಈ ಗುಣವೇ ಇನ್ನೊಂದೆಡೆ ಕೊರತೆಯಾಗುತ್ತದೆ. ಮೂಳೆ ಗಟ್ಟಿಯಾಗುವುದು ಭಾರ ಬಿದ್ದಾಗ. ಸೈಕಲ್‌ನಲ್ಲಿ ದೇಹದ ಭಾರವನ್ನು ಸೀಟು ಹೊರುತ್ತದೆ. ವರ್ಷಗಟ್ಟಲೆ ಸೈಕಲ್ಲನ್ನೇ ನಂಬಿದ ನುರಿತ ಸವಾರರ ಸೊಂಟ ಮತ್ತು ಬೆನ್ನೆಲುಬಿನ ಮೂಳೆಸಾಂದ್ರತೆ ಕಡಿಮೆಯಿರುವುದನ್ನು ಹಲವು ಅಧ್ಯಯನಗಳು ಗುರುತಿಸಿವೆ. ತೊಡೆಯನ್ನು ಬಿಟ್ಟರೆ ದೇಹದ ಉಳಿದ ಮಾಂಸಖಂಡಗಳಿಗೂ ಅಲ್ಲಿ ಹೆಚ್ಚಿನ ಕೆಲಸವಿಲ್ಲ.

ಹಾಗಾದರೆ ಭಾರ ಎತ್ತುವುದನ್ನೂ ಸೇರಿಸಿಕೊಳ್ಳೋಣವೆಂದರೆ ಅಲ್ಲೊಂದು ಹಳೆಯ ಆತಂಕ ಎದುರಾಗುತ್ತದೆ. ಅದರ ಮೂಲ 1980ರಲ್ಲಿ ಅಮೆರಿಕದ ರಾಬರ್ಟ್ ಹಿಕ್ಸನ್ ಪ್ರಕಟಿಸಿದ ಪ್ರಯೋಗ. ಹತ್ತು ವಾರ ಒಂದು ಗುಂಪು ಭಾರ ಎತ್ತಿತು. ಇನ್ನೊಂದು ಓಡಿತು, ಸೈಕಲ್ ತುಳಿಯಿತು. ಮೂರನೆಯದು ಎರಡನ್ನೂ ಮಾಡಿತು. ಮೂರನೆಯ ಗುಂಪಿನ ದಮ್ಮು ಎರಡನೆಯದರಷ್ಟೇ ಬೆಳೆಯಿತು. ಅದರ ಶಕ್ತಿ ಮಾತ್ರ ಏಳನೆಯ ವಾರದವರೆಗೆ ಏರಿ, ಆಮೇಲೆ ನಿಂತು, ಕೊನೆಗೆ ಇಳಿಯತೊಡಗಿತು. ಎರಡು ವ್ಯಾಯಾಮಗಳು ಒಂದಕ್ಕೊಂದು ಅಡ್ಡಬರುತ್ತವೆ ಎಂಬ ಮಾತು ಅಲ್ಲಿಂದ ಹುಟ್ಟಿ ಇಂದಿಗೂ ಜಿಮ್ ತರಬೇತುದಾರರ ಬಾಯಲ್ಲಿ ಉಳಿದಿದೆ. ಆ ಗುಂಪು ವಾರಕ್ಕೆ ಐದು ದಿನ ಭಾರ ಎತ್ತಿ, ಆರು ದಿನ ತೀವ್ರವಾಗಿ ಓಡುತ್ತಲೋ ತುಳಿಯುತ್ತಲೋ ಇತ್ತೆಂಬುದನ್ನು ಯಾರೂ ನೆನಪಿಸುವುದಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ. ಒಂದೇ ಹೊಲಕ್ಕೆ ನೀರನ್ನೂ ಗೊಬ್ಬರವನ್ನೂ ಮಿತಿಮೀರಿ ಸುರಿದರೆ ಇಳುವರಿ ಕುಗ್ಗುತ್ತದೆ. ಅದರಿಂದ ನೀರು ಗೊಬ್ಬರಗಳು ಪರಸ್ಪರ ಶತ್ರುಗಳೆಂದು ಸಾಬೀತಾಗುವುದಿಲ್ಲ. ಹದವರಿತು ಕೊಟ್ಟರೆ ಒಂದು ಇನ್ನೊಂದರ ಫಲವನ್ನು ಹೆಚ್ಚಿಸುತ್ತದೆ.

ಹಾಗೆ ಹೆಚ್ಚಿಸುತ್ತದೆ ಎಂಬುದಕ್ಕೆ ನಾರ್ವೆಯಿಂದ ಪುರಾವೆ ಬಂದಿದೆ. ಬೆಂಟ್ ರೋನೆಸ್ಟಾಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಳಗಿದ ಸೈಕಲ್ ಸವಾರರು 12 ವಾರ ತಮ್ಮ ಎಂದಿನ ಸವಾರಿಯ ಜೊತೆಗೆ ಕಾಲುಗಳಿಗೆ ಭಾರೀ ತೂಕದ ವ್ಯಾಯಾಮವನ್ನೂ ಮಾಡಿದರು. ಬಳಿಕ ಮೂರು ಗಂಟೆಗೂ ಮಿಕ್ಕಿ ತುಳಿಸಿ, ಕೊನೆಯ ಐದು ನಿಮಿಷ ಸರ್ವಶಕ್ತಿಯಿಂದ ತುಳಿಯಿರಿ ಎಂದಾಗ ಅವರ ಸಾಮರ್ಥ್ಯ ಶೇ 7ರಷ್ಟು ಹೆಚ್ಚಿತ್ತು. ಬರೀ ಸವಾರಿ ಮಾಡಿದವರಲ್ಲಿ ಅಂಥ ಏರಿಕೆ ಇರಲಿಲ್ಲ. ನಂದಿಯ ತುದಿಯ ತಿರುವುಗಳನ್ನು ಬಲ್ಲವರಿಗೆ ಆ ಐದು ನಿಮಿಷದ ಬೆಲೆ ಗೊತ್ತು.

ತೂಕ ಇಳಿಸುವ ಆಸೆಯಿಂದ ಇದಕ್ಕಿಳಿದವರು ಮಾತ್ರ ಕಟುವಾದ ಒಂದು ಮಾತನ್ನು ಕೇಳಿಸಿಕೊಳ್ಳಬೇಕು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡ 2012ರಲ್ಲಿ ಪ್ರಕಟಿಸಿದ ಎಂಟು ತಿಂಗಳ ಅಧ್ಯಯನದಲ್ಲಿ, ಬರೀ ಭಾರ ಎತ್ತಿದ ಸ್ಥೂಲಕಾಯರ ತೂಕ ಇಳಿಯಲಿಲ್ಲ, ಸ್ವಲ್ಪ ಏರಿತು. ಏರೋಬಿಕ್ ವ್ಯಾಯಾಮ ಮಾಡಿದವರೂ, ಎರಡನ್ನೂ ಮಾಡಿದವರೂ ಸರಾಸರಿ ಎರಡು ಕಿಲೋಗಿಂತ ಕಡಿಮೆ ತೂಕ ಕಳೆದುಕೊಂಡರು. ಎಂಟು ತಿಂಗಳಿಗೆ ಎರಡು ಕಿಲೋ! ಊಟದ ತಟ್ಟೆಯನ್ನು ಮುಟ್ಟದೆ ವ್ಯಾಯಾಮವೊಂದರಿಂದಲೇ ತೂಕ ಇಳಿಸುತ್ತೇನೆಂಬ ಹಟಕ್ಕೆ ಸಿಗುವ ಪ್ರತಿಫಲ ಇಷ್ಟೇ. ಒಂದು ಕಿಲೋ ಮಾಂಸಖಂಡ ಬೆಳೆಸಿಕೊಂಡರೆ ನಿದ್ದೆಯಲ್ಲೂ ಕೊಬ್ಬು ಕರಗುತ್ತದೆ ಎಂದು ಹೇಳಿ ಸದಸ್ಯತ್ವ ಮಾರುವವರಿದ್ದಾರೆ. ವಿಶ್ರಾಂತಿಯಲ್ಲಿ ಒಂದು ಕಿಲೋ ಮಾಂಸಖಂಡ ಇಡೀ ದಿನಕ್ಕೆ ಸುಡುವುದು ಸುಮಾರು 13 ಕಿಲೋ ಕ್ಯಾಲರಿ ಮಾತ್ರ. ಒಂದು ಬಿಸ್ಕತ್ತಿಗೂ ಅದು ಸಾಲದು.

ಹಾಗಿದ್ದ ಮೇಲೆ ಭಾರವನ್ನೇಕೆ ಎತ್ತಬೇಕು? ನನ್ನ ವಯಸ್ಸಿನವರಿಗೆ ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು 2017ರಲ್ಲಿ, ಡೆನ್ನಿಸ್ ವಿಲ್ಲಾರಿಯಲ್ ಮತ್ತು ಸಂಗಡಿಗರು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟಿಸಿದ ಪ್ರಯೋಗದಿಂದ. ಅದರಲ್ಲಿದ್ದವರು 65 ದಾಟಿದ 160 ಮಂದಿ ಸ್ಥೂಲಕಾಯರು. ಆಹಾರ ನಿಯಂತ್ರಣದೊಂದಿಗೆ ಒಂದು ಗುಂಪಿಗೆ ಏರೋಬಿಕ್, ಒಂದಕ್ಕೆ ಭಾರ, ಇನ್ನೊಂದಕ್ಕೆ ಎರಡೂ. ಆರು ತಿಂಗಳಲ್ಲಿ ಮೂರೂ ಗುಂಪುಗಳ ತೂಕ ಸಮನಾಗಿಯೇ, ಶೇ 9ರಷ್ಟು ಇಳಿಯಿತು. ತಕ್ಕಡಿಯ ಲೆಕ್ಕದಲ್ಲಿ ಮೂವರೂ ಒಂದೇ. ಆದರೆ ಇಳಿದದ್ದು ಏನು? ಬರೀ ಏರೋಬಿಕ್ ಮಾಡಿದವರು ಕೊಬ್ಬಿನ ಜೊತೆಗೆ ಶೇ 5ರಷ್ಟು ಕೊಬ್ಬಿಲ್ಲದ ದೇಹಭಾಗವನ್ನೂ, ಸೊಂಟದ ಮೂಳೆಸಾಂದ್ರತೆಯಲ್ಲಿ ಶೇ 3ರಷ್ಟನ್ನೂ ಕಳೆದುಕೊಂಡಿದ್ದರು. ಎರಡನ್ನೂ ಮಾಡಿದವರಲ್ಲಿ ಈ ನಷ್ಟ ಕ್ರಮವಾಗಿ ಶೇ 3 ಮತ್ತು ಶೇ 1. ಏಳುವುದು, ನಡೆಯುವುದು, ಮೆಟ್ಟಿಲು ಹತ್ತುವುದು ಇಂಥ ದಿನನಿತ್ಯದ ಸಾಮರ್ಥ್ಯದ ಅಂಕಗಳು ಎರಡನ್ನೂ ಮಾಡಿದವರಲ್ಲಿ ಶೇ 21ರಷ್ಟು ಏರಿದರೆ, ಉಳಿದೆರಡು ಗುಂಪುಗಳಲ್ಲಿ ಏರಿದ್ದು ಶೇ 14. ತೂಕ ಇಳಿಕೆಯನ್ನು ಸಾಲ ತೀರಿಸುವುದಕ್ಕೆ ಹೋಲಿಸುವುದಾದರೆ, ಬರೀ ಪೆಡಲ್ ತುಳಿಯುವವನು ಸಾಲದ ಜೊತೆಗೆ ಜಮೀನಿನ ಒಂದು ತುಂಡನ್ನೂ ಮಾರಿಕೊಳ್ಳುತ್ತಿದ್ದಾನೆ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ಮತ್ತೆ ಮೇಲೇಳದ ಹಿರಿಯರು ಪ್ರತಿ ಬೀದಿಯಲ್ಲೂ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಸಕ್ಕರೆ, ಒತ್ತಡ ಎರಡೂ ಹತೋಟಿಯಲ್ಲೇ ಇದ್ದವು.

ವಿಶ್ವ ಆರೋಗ್ಯ ಸಂಸ್ಥೆ 2020ರ ತನ್ನ ಮಾರ್ಗಸೂಚಿಯಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವೇಗದ ವ್ಯಾಯಾಮದ ಜೊತೆಗೆ ಕನಿಷ್ಠ ಎರಡು ದಿನ ಮಾಂಸಖಂಡಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ನಮ್ಮ ಪ್ರಚಾರಫಲಕಗಳಲ್ಲಿ ಮೊದಲರ್ಧ ಉಳಿದುಕೊಂಡಿತು, ಎರಡನೆಯದು ಬಿದ್ದುಹೋಯಿತು. ವಾರಕ್ಕೆ ಐದು ಗಂಟೆ ಬಿಡುವಿರುವ ಸವಾರನು ಅದರಲ್ಲಿ ಒಂದೂವರೆ ಗಂಟೆಯನ್ನು ಎರಡು ದಿನಗಳ ಭಾರಕ್ಕೆ ಮೀಸಲಿಟ್ಟರೆ ಸಾಕು. ಕೂತು ಏಳುವುದು, ನೆಲದಿಂದ ಎತ್ತುವುದು, ತಳ್ಳುವುದು, ಎಳೆಯುವುದು, ಇಷ್ಟೇ. ದೀರ್ಘ ಸವಾರಿಯ ಬೆನ್ನಿಗೇ, ದಣಿದ ಕಾಲುಗಳಿಂದ ಭಾರ ಎತ್ತಬಾರದು. ನಡುವೆ ಕೆಲವು ಗಂಟೆಗಳ, ಸಾಧ್ಯವಾದರೆ ಒಂದು ದಿನದ ಅಂತರವಿರಲಿ. ವಾರಗಳು ಕಳೆದಂತೆ ತೂಕವನ್ನು ಏರಿಸುತ್ತ ಹೋಗುವುದು ಮುಖ್ಯ. ಉಸಿರು ಬಿಗಿಹಿಡಿದು ಎತ್ತಿದರೆ ರಕ್ತದೊತ್ತಡ ಒಮ್ಮೆಲೇ ಏರುವುದರಿಂದ, ಒತ್ತಡದ ತೊಂದರೆ ಇರುವವರು ಮೊದಲು ವೈದ್ಯರನ್ನು ಕಾಣಬೇಕು. ಊಟದ ವಿಷಯದಲ್ಲಿ ನಮ್ಮ ಸೀಮೆ ಬಡವಾಗಿಲ್ಲ. ಹುರುಳಿ, ಅವರೆ, ಮೊಟ್ಟೆ, ಹಾಲು ಎಲ್ಲ ಇವೆ. ತಟ್ಟೆಯಲ್ಲಿ ಮುದ್ದೆ ದೊಡ್ಡದು, ಕಾಳು ಕಡಿಮೆ ಎಂಬುದೊಂದೇ ತಕರಾರು.

ಭಾರ ಎತ್ತಿದರೆ ದೇಹ ಊದಿಕೊಳ್ಳುತ್ತದೆ ಎಂಬ ಭಯ, ಮುಖ್ಯವಾಗಿ ಹೆಣ್ಣುಮಕ್ಕಳಲ್ಲಿ, ಇನ್ನೂ ಹೋಗಿಲ್ಲ. ಕುಂದಾಪುರ ಸೀಮೆಯ ಗುರುರಾಜ ಪೂಜಾರಿ 2018ರಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು 56 ಕಿಲೋ ವಿಭಾಗದಲ್ಲಿ. ಎರಡು ಎತ್ತುಗಳಲ್ಲಿ ಅವರು ಎತ್ತಿದ ಒಟ್ಟು ತೂಕ 249 ಕಿಲೋ. ಅಷ್ಟು ಎತ್ತಿಯೂ ಅವರ ದೇಹ 56 ಕಿಲೋ ಮೀರಲಿಲ್ಲ. ಇದು ನಮಗೆ ಪರಕೀಯ ವಿದ್ಯೆಯೂ ಅಲ್ಲ. ಗರಡಿಮನೆಗಳಲ್ಲಿ ದಂಡೆ, ಬಸ್ಕಿ, ಗದೆ, ಕಲ್ಲುಗುಂಡುಗಳ ಸಾಮು ನಡೆಯುತ್ತಿದ್ದ ನಾಡು ಇದು. ಗುಂಡು ಎತ್ತುವವನು ಹಗುರದಿಂದ ಮೊದಲುಮಾಡಿ ಹಂತಹಂತವಾಗಿ ಭಾರದ ಗುಂಡಿಗೆ ಹೋಗುತ್ತಿದ್ದ. ಇಂದಿನ ಕ್ರೀಡಾವಿಜ್ಞಾನ ಹೇಳುವ ಮುಖ್ಯ ಸೂತ್ರವೂ ಅದೇ. ಸಾದಲಿಯಲ್ಲಿ ಈಗ ಜನ ನಿತ್ಯ ಎತ್ತುವ ಭಾರವೆಂದರೆ ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನು. ಅದನ್ನೂ ಮೊಪೆಡ್ಡಿನ ಮುಂಭಾಗದಲ್ಲಿಟ್ಟು ಮನೆ ಬಾಗಿಲಿಗೆ ತರುತ್ತಾರೆ.

ಸಾರ್ವಜನಿಕ ಹಣದ ಪ್ರಶ್ನೆ ಬರುವುದು ಇಲ್ಲಿ. ನಗರಸಭೆಗಳೂ ಪಂಚಾಯಿತಿಗಳೂ ಉದ್ಯಾನಗಳಲ್ಲಿ ತೆರೆದ ಜಿಮ್ ಉಪಕರಣಗಳನ್ನು ಉತ್ಸಾಹದಿಂದ ಕೂರಿಸುತ್ತಿವೆ. ಅವುಗಳಲ್ಲಿ ಬಹುಪಾಲು ಯಂತ್ರಗಳಲ್ಲಿ ತೂಕವನ್ನು ಹೆಚ್ಚಿಸುವ ವ್ಯವಸ್ಥೆಯೇ ಇಲ್ಲ. ಮೊದಲ ದಿನ ಎಷ್ಟು ಭಾರವೋ ವರ್ಷದ ಕೊನೆಗೂ ಅಷ್ಟೇ. ತೂಗಾಡಲು ಮಕ್ಕಳಿಗೆ ಚೆನ್ನ; ಶಕ್ತಿ ಬೆಳೆಸಲು ಹೆಚ್ಚು ಪ್ರಯೋಜನವಿಲ್ಲ. ಅದೇ ದುಡ್ಡಿಗೆ ಸರಳವಾದ ಕಬ್ಬಿಣದ ಸಲಾಕೆಗಳು, ಬೇರೆ ಬೇರೆ ತೂಕದ ಬಿಲ್ಲೆಗಳು, ಬೀಗ ಹಾಕಲು ಒಂದು ಕೋಣೆ ಆಗುತ್ತದೆ. ಯಂತ್ರಕ್ಕೆ ಟೆಂಡರ್ ಕರೆಯುವುದು ಸುಲಭ, ಕೋಣೆಗೆ ಬೀಗದ ಕೈ ಹಿಡಿಯುವ ಒಬ್ಬ ಮನುಷ್ಯನನ್ನು ನೇಮಿಸುವುದು ಕಷ್ಟ ಎಂಬುದು ನನಗೂ ಗೊತ್ತು. ಆ ಕಷ್ಟವನ್ನು ತಪ್ಪಿಸಿಕೊಳ್ಳಲೆಂದೇ ನಮ್ಮಲ್ಲಿ ಎಷ್ಟೋ ಯಂತ್ರಗಳ ಖರೀದಿ ನಡೆಯುತ್ತದೆ. ಪ್ರೌಢಶಾಲೆಯ ದೈಹಿಕ ಶಿಕ್ಷಕರಿಗೆ ಸಂಜೆಯ ಒಂದು ಗಂಟೆಗೆ ಗೌರವಧನ ಕೊಟ್ಟು ಶಾಲೆಯ ಕೋಣೆಯೊಂದನ್ನು ಊರಿನವರಿಗೆ ತೆರೆಯಲು ಹೊಸ ಇಲಾಖೆಯೇನೂ ಬೇಕಾಗಿಲ್ಲ. ಹೆಣ್ಣುಮಕ್ಕಳಿಗೆ ಬೇರೆ ವೇಳೆ ಗೊತ್ತುಮಾಡಿದರೆ, ಬಯಲಿನ ಯಂತ್ರದ ಬಳಿ ಸುಳಿಯದವರು ಅಲ್ಲಿಗೆ ಬಂದಾರು.

ಸೈಕಲ್‌ನ ಕಥೆ ಇನ್ನೂ ಬೇಸರದ್ದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೆಯ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಯಿತು. ಗುಣಮಟ್ಟದ ಬಗ್ಗೆ ಪ್ರತಿ ವರ್ಷ ದೂರುಗಳಿದ್ದವು, ನಿಜ. ಆದರೂ ಹೆಣ್ಣುಮಕ್ಕಳು ಗುಂಪುಗುಂಪಾಗಿ ಪೆಡಲ್ ತುಳಿಯುತ್ತ ಹೋಬಳಿ ಕೇಂದ್ರದ ಶಾಲೆಗೆ ಬರುತ್ತಿದ್ದ ದೃಶ್ಯವನ್ನು ಈ ಸೀಮೆಗೆ ತಂದದ್ದು ಆ ಯೋಜನೆಯೇ. 2020ರ ಕೋವಿಡ್ ಕಾಲದಲ್ಲಿ ಅದು ನಿಂತಿತು. ಸೋಂಕು ಹೋಗಿ ಶಾಲೆಗಳು ತೆರೆದ ಮೇಲೂ ವರ್ಷಗಟ್ಟಲೆ ಅದಕ್ಕೆ ಮರುಜೀವ ಬರಲಿಲ್ಲ. ಭಾನುವಾರದ ಜಾಥಾಗಳಲ್ಲಿ ನಲವತ್ತು ದಾಟಿದವರು ಹೆಲ್ಮೆಟ್ ಧರಿಸಿ ಸಾಗುತ್ತಾರೆ. ಸೋಮವಾರ ಬೆಳಿಗ್ಗೆ ಹದಿಮೂರರ ಹುಡುಗಿ ಬಸ್ಸಿಗೆ ಕಾಯುತ್ತಾಳೆ, ಇಲ್ಲವೇ ಅಪ್ಪನ ಮೊಪೆಡ್ಡಿನ ಹಿಂದೆ ಕೂರುತ್ತಾಳೆ. ಮುಂದಿನ ಬಜೆಟ್ಟಿನಲ್ಲಿ ಆ ಸೈಕಲ್‌ಗೆ ಹಣ ಒದಗಿಸುವಾಗ, ಶಾಲೆಗೊಂದು ಸಲಾಕೆ ಮತ್ತು ನಾಲ್ಕು ಜೋಡಿ ಬಿಲ್ಲೆಗಳನ್ನೂ ಅದೇ ಲೆಕ್ಕಶೀರ್ಷಿಕೆಯಡಿ ಸೇರಿಸಲು ಹಣಕಾಸು ಇಲಾಖೆ ಹೆಚ್ಚೇನೂ ಯೋಚಿಸಬೇಕಾಗಿಲ್ಲ.